ಸಾಸಿವೆ ಹಳದಿಯ ಅರವತ್ತು ಗುಂಡುಗಳು

2014ರ ಸೆಪ್ಟೆಂಬರ್ 25, ಗುರುವಾರ, ಸಂಜೆ 5 ಗಂಟೆ 12 ನಿಮಿಷ. ಮೊಂಟಾನಾದ ಬಿಟರ್ ಕ್ರೀಕ್ ಕೌಂಟಿಯ ಶೆರಿಫ್ ಠಾಣೆಗೆ ಫೋನ್ ಬಂತು.

“ನನ್ ಗಂಡ ಜೇನುಪೆಟ್ಟಿಗೆ ಹತ್ರ ಬಿದ್ದಿದಾನೆ. ಏಳ್ತಾ ಇಲ್ಲ. ರಕ್ತ ಬರ್ತಿದೆ. ಜೇನು ಕಚ್ಚಿದ್ರೆ ರಕ್ತ ಬರಲ್ಲ ಅಲ್ವಾ?”

ಫೋನ್ ಎತ್ತಿದ ಡೆಪ್ಯುಟಿ ಮಾರ್ಸಿ ಟೀಲ್ ಹೆಸರು, ಜಾಗ ಕೇಳಿ ಬರೆದುಕೊಂಡಳು. ಕರೆ ಮಾಡಿದವಳು ನೆಡೀನ್ ಪ್ರೂಟ್, ವಯಸ್ಸು ಮೂವತ್ತೊಂದು. ಬಿದ್ದಿದ್ದವನು ಕೋರ್ವಿನ್ ಪ್ರೂಟ್, ಮೂವತ್ತನಾಲ್ಕು, ಜೇನು ಸಾಕಣೆಯವನು. ನಾಲ್ಕೂವರೆಗೆ, ಚಳಿಗಾಲದ ಗಾಳಿಗೆ ಪೆಟ್ಟಿಗೆಗಳು ಉರುಳದಂತೆ ಪಟ್ಟಿ ಕಟ್ಟಿ ಬರುತ್ತೇನೆಂದು ಆ ಕಡೆ ಹೋಗಿದ್ದ. ಐದಕ್ಕೆ ಕಾಫಿಗೆ ಕರೆಯಲು ಹೋದ ಹೆಂಡತಿ ಕಂಡದ್ದು ಇದು.

5 ಗಂಟೆ 34 ನಿಮಿಷಕ್ಕೆ ಡಿಟೆಕ್ಟಿವ್ ಓರಿನ್ ಹೌಗನ್ ಸ್ಥಳ ತಲುಪಿದ. ಆ ಕೌಂಟಿಗೆ ಇದ್ದ ಡಿಟೆಕ್ಟಿವ್ ಅವನೊಬ್ಬನೇ. ಇಪ್ಪತ್ತಾರು ವರ್ಷದ ಸೇವೆಯಲ್ಲಿ ದನ ಕದ್ದವರನ್ನು, ಕುಡಿದು ಟ್ರಕ್ ಹೊಳೆಗೆ ಇಳಿಸಿದವರನ್ನು ಹಿಡಿದಿದ್ದ. ಜೇನುಹುಳಗಳು ರೊಚ್ಚಿಗೆದ್ದು ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಆಂಬುಲೆನ್ಸಿನವರು ಬೇಲಿಯಾಚೆ ಕೈಕಟ್ಟಿ ನಿಂತಿದ್ದರು. ಕೊನೆಗೆ ನೆಡೀನ್ ತಾನೇ ಹೊಗೆಡಬ್ಬಿ ಹಚ್ಚಿ, ಗಂಡನ ಸುತ್ತ ನಿಧಾನವಾಗಿ ಹೊಗೆ ಬಿಟ್ಟು, ಹುಳಗಳನ್ನು ಸುಮ್ಮನಾಗಿಸಿ, “ಈಗ ಬನ್ನಿ” ಎಂದಳು. ಅದನ್ನು ನೋಡಲಾರದೆ ಹೌಗನ್ ಬೇರೆ ಕಡೆ ತಿರುಗಿದ.

ಕೋರ್ವಿನ್ ಸತ್ತಿದ್ದ. ಗುಂಡು ಬೆನ್ನಿನಿಂದ ಹೊಕ್ಕು ಎದೆಯಿಂದ ಹೊರಬಿದ್ದಿತ್ತು. ಸಂಜೆ 6 ಗಂಟೆ 20ಕ್ಕೆ ಮೂರನೆಯ ಪೆಟ್ಟಿಗೆಯ ಹಲಗೆಯಲ್ಲಿ ತೂತು ಕಾಣಿಸಿತು. ಹಲಗೆ ತೆಗೆದರೆ ಒಳಗೆ ಜೇನುಗೂಡಿನಲ್ಲಿ ಗುಂಡು ಸಿಕ್ಕಿಕೊಂಡಿತ್ತು. ಮಹಜರಿನಲ್ಲಿ ಟೀಲ್ ಹೀಗೆ ಬರೆದಳು: “ಸೀಸದ ಗುಂಡು ಒಂದು. ಮನೆಯಲ್ಲಿ ಎರಕ ಹೊಯ್ದದ್ದು. ಮೇಲೆ ಸಾಸಿವೆ ಹಳದಿ ಬಣ್ಣದ ಲೇಪ. ಜೇನು ಮೆತ್ತಿದೆ.”

ಬರೆದವಳು ಪೆನ್ನು ನಿಲ್ಲಿಸಿ ತಲೆ ಎತ್ತಿದಳು.

“ಸರ್, ಇದು ವೆಂಡೆಲ್ ಬಣ್ಣ.”

“ವೆಂಡೆಲ್ ಸತ್ತು ಏಳು ವಾರ ಆಯ್ತಲ್ಲಮ್ಮ.”

“ಅದಕ್ಕೇ ಹೇಳಿದ್ದು ಸರ್.”

ಕೋರ್ವಿನ್‌ನ ಹೊಲದಿಂದ ಒಂದು ಕಿಲೋಮೀಟರು ಆಚೆ, ಗುಂಡು ತಡೆಯಲು ಹಾಕಿದ ಮಣ್ಣಿನ ದಿಬ್ಬದ ಹಿಂದೆ, ಊರಿನ ಗುರಿಕಾರರ ಕ್ಲಬ್ ಇದೆ. ಹನ್ನೊಂದು ಜನ ಸದಸ್ಯರು. ಅಂಗಡಿಯ ಗುಂಡು ಹೊಡೆಯುವವರನ್ನು ಅವರು ಮನುಷ್ಯರೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸೀಸ ಕಾಯಿಸಬೇಕು, ಅಚ್ಚಿಗೆ ಹುಯ್ಯಬೇಕು, ಬಣ್ಣದ ಪುಡಿ ಹಾಕಿ ಡಬ್ಬಿಯಲ್ಲಿ ಕುಲುಕಿ, ಸಣ್ಣ ಓವನ್‌ನಲ್ಲಿ ಬೇಯಿಸಬೇಕು. ಲೇಪವಿಲ್ಲದ ಸೀಸ ನಳಿಗೆಯೊಳಗೆಲ್ಲ ಮೆತ್ತಿಕೊಳ್ಳುತ್ತದೆ ಎಂಬುದು ಒಂದು ಕಾರಣ. ಬಣ್ಣ ಎಂಬುದು ಇನ್ನೊಂದು ಕಾರಣ, ಮೊದಲಿನದಕ್ಕಿಂತ ದೊಡ್ಡದು. ಒಬ್ಬೊಬ್ಬರಿಗೂ ಒಂದೊಂದು ಬಣ್ಣ. ಕ್ಲಬ್ಬಿನ ಗೋಡೆಯ ಹಲಗೆಯ ಮೇಲೆ ಹೆಸರಿನ ಮುಂದೆ ಆ ಬಣ್ಣದ ಪಟ್ಟಿ ಬಳಿದಿರುತ್ತದೆ.

ಮರುದಿನ ಬೆಳಿಗ್ಗೆ 8 ಗಂಟೆಗೆ ಕ್ಲಬ್ಬಿನ ಕಾರ್ಯದರ್ಶಿ ಗಸ್ ಲಿಂಡ್‌ಕ್ವಿಸ್ಟ್ ಆ ಹಲಗೆಯ ಮುಂದೆ ನಿಂತು ಹೇಳಿಕೆ ಕೊಟ್ಟ. ಶಾಲೆಯಲ್ಲಿ ಬೆಸುಗೆ ಕೆಲಸ ಕಲಿಸಿ ನಿವೃತ್ತನಾದವನು. ಗುಂಡನ್ನು ಬೆರಳಲ್ಲಿ ತಿರುಗಿಸಿ ನೋಡಿದ.

“ವೆಂಡೆಲ್‌ದೇ. ಕೊನೇ ಅರವತ್ತರಲ್ಲಿ ಒಂದು.”

“ಕೊನೇ ಅರವತ್ತು ಅಂದ್ರೆ?”

“ಸದಸ್ಯ ಸತ್ರೆ ಅವನು ಹೊಯ್ದಿಟ್ಟ ಗುಂಡು ಹಂಚ್ಕೋತೀವಿ, ಓರಿನ್. ತಲಾ ಐದು. ಅವನ ಹುಟ್ಟಿದ ದಿನ ಎಲ್ಲರೂ ಸಾಲಾಗಿ ನಿಂತು ಹೊಡೀತೀವಿ. ಅಲ್ಲೀವರೆಗೆ ಯಾರೂ ಮುಟ್ಟಂಗಿಲ್ಲ. ವೆಂಡೆಲ್ ಹುಟ್ಟಿದ್ದು ಅಕ್ಟೋಬರ್ ಹನ್ನೊಂದು.”

“ನೀವು ಹನ್ನೊಂದು ಜನ. ಐವತ್ತೈದು ಆಯ್ತು.”

“ಮೊದಲನೇ ಐದು ಹೆಂಡತಿಗೆ. ಅರ್ಡಿಸ್‌ಗೆ.”

“ನಿನ್ನೆ ಇಲ್ಲಿ ಯಾರು ಬಂದಿದ್ರು?”

“ಪುಸ್ತಕದಲ್ಲಿ ಯಾರ ರುಜೂನೂ ಇಲ್ಲ. ಗುರುವಾರ ಯಾರೂ ಬರಲ್ಲ. ಗೇಟಿನ ಕೀಲಿ ಮಾತ್ರ ಎಲ್ಲರ ಹತ್ರ ಇದೆ.” ಗಸ್ ಹಲಗೆಯ ಮೇಲಿನ ಹಳದಿ ಪಟ್ಟಿಯ ಮೇಲೆ ಬೆರಳಿಟ್ಟ. “ಇದನ್ನ ಅಳಿಸ್ಬೇಕಾಗತ್ತೆ ಕಣಯ್ಯಾ.”

“ಯಾಕೆ?”

“ದಿಬ್ಬ ದಾಟಿದ ಗುಂಡಿನ ಬಣ್ಣ ಹಲಗೆ ಮೇಲೆ ಇರಂಗಿಲ್ಲ. ಕ್ಲಬ್ ಶುರುವಾದಾಗಿನಿಂದ ಅದೊಂದೇ ನಿಯಮ. ಗುಂಡಿನ ಹೊಣೆ ಮಾಡಿದವನದು, ಹೊಡೆದವನು ಯಾರೇ ಆಗಿರ್ಲಿ. ಒಂದೇ ಸಲ ಹಾಗಾಗಿದ್ದು, ಐವತ್ತೆಂಟನೇ ಇಸವೀಲಿ. ಅವನ ಹೆಸರು ಈಗ ಯಾರೂ ಎತ್ತಲ್ಲ.”

ಕೇಸು ಕೇಳಲು ಬಹಳ ಸಲೀಸಾಗಿತ್ತು. ಅರವತ್ತು ಗುಂಡು, ಹನ್ನೆರಡು ಮನೆ. ಯಾರ ಬಳಿ ಒಂದು ಕಡಿಮೆ ಇದೆಯೋ ಅವನೇ ಆಸಾಮಿ. ಇಂಥ ಸಲೀಸಾದ ಕೇಸುಗಳನ್ನು ಕಂಡರೆ ಹೌಗನ್‌ಗೆ ಯಾವತ್ತೂ ಆಗುತ್ತಿರಲಿಲ್ಲ.

ಎರಡು ದಿನ ಮನೆಮನೆ ತಿರುಗಿದರು. ಬಂದೂಕಿನ ಕಪಾಟಿನಲ್ಲಿ, ಬೈಬಲ್ ಪಕ್ಕದಲ್ಲಿ, ಸತ್ತ ನಾಯಿಯ ಫೋಟೋದ ಮುಂದೆ, ಎಲ್ಲ ಕಡೆ ಐದೈದು ಹಳದಿ ಗುಂಡು ಇದ್ದವು. ಮೊದಲ ದಿನ ಮಧ್ಯಾಹ್ನ 3 ಗಂಟೆಗೆ ಅರ್ಡಿಸ್ ಅಮುಂಡ್ಸನ್ ಮನೆಗೂ ಹೋದರು. ಆಕೆಗೆ ಎಪ್ಪತ್ತೊಂದು. ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿದ್ದವಳು. ಹೌಗನ್‌ನ ತಟ್ಟೆಗೂ ಬಟಾಟೆ ಬಡಿಸಿದ್ದಳು.

“ಬಾ ಓರಿನ್, ಕಾಲೊರೆಸ್ಕೊಂಡ್ ಬಾ. ಹಕಲ್‌ಬೆರಿ ಹಣ್ಣಿನ ಪೈ ಬೇಯಿಸಿದೀನಿ. ಈ ಹುಡ್ಗೀನೂ ಕೂರ್ಲಿ, ಒಣಗಿ ಕಡ್ಡಿ ಆಗಿದಾಳೆ.”

“ಗುಂಡು ಎಣಿಸ್ಬೇಕಿತ್ತು ಅರ್ಡಿಸಮ್ಮ. ತಪ್ಪು ತಿಳ್ಕೋಬೇಡಿ.”

“ಎಣಿಸ್ಕೋ. ಅಲ್ಲೇ ಕಿಟಕೀಲಿದೆ.”

ಕಿಟಕಿಯ ಕಟ್ಟೆಯ ಮೇಲೆ ಜಾಮಿನ ಖಾಲಿ ಸೀಸೆಯಲ್ಲಿ ಐದು ಗುಂಡುಗಳಿದ್ದವು. ಹೌಗನ್ ಗಾಜಿನ ಹೊರಗಿನಿಂದಲೇ ಎಣಿಸಿ ಪುಸ್ತಕದಲ್ಲಿ ಐದು ಎಂದು ಬರೆದ. ಗಂಡನನ್ನು ಕಳೆದುಕೊಂಡವಳ ಸೀಸೆಗೆ ಕೈಹಾಕಲು ಮನಸ್ಸು ಬರಲಿಲ್ಲ. ಆ ಮರ್ಯಾದೆಯಿಂದಾಗಿ ಇನ್ನೊಬ್ಬ ಮನುಷ್ಯ ಐದು ದಿನ ಲಾಕಪ್ಪಿನಲ್ಲಿ ಕೊಳೆಯಬೇಕಾಯಿತು.

“ಆ ಹುಡ್ಗಿ ಹೇಗಿದಾಳೆ?” ಅರ್ಡಿಸ್ ಕೇಳಿದಳು.

“ಯಾರು?”

“ನೆಡೀನ್.”

“ಹೇಗಿರ್ತಾಳೆ ಹೇಳಿ.”

ಆಕೆ ಉಳಿದ ಪೈಯನ್ನು ಕಾಗದದಲ್ಲಿ ಸುತ್ತಿ ಟೀಲ್ ಕೈಗೆ ಕೊಟ್ಟಳು. “ಅವ್ಳಿಗೆ ಕೊಡು. ನಾ ಕಳ್ಸಿದ್ದು ಅಂತ ಹೇಳ್ಬೇಡ.” ಟೀಲ್ ತಲೆಯಾಡಿಸಿದಳು. ಊರಿನಲ್ಲಿ ಎಲ್ಲರೂ ಆ ವಾರ ನೆಡೀನ್‌ಗೆ ಏನಾದರೊಂದು ಕಳಿಸುತ್ತಲೇ ಇದ್ದರು.

ಒಂದು ಕಡಿಮೆ ಇದ್ದದ್ದು ಮರ್ಲ್ ಡಾಕರಿಯ ಮನೆಯಲ್ಲಿ. ಕುದುರೆ ಸಾಕುವವನು, ಒಂಟಿ, ಬಾಯಿಗೆ ಬೀಗ ಇಲ್ಲದವನು. ಸೆಪ್ಟೆಂಬರ್ 27, ಶನಿವಾರ, ಮಧ್ಯಾಹ್ನ 2 ಗಂಟೆ 10ಕ್ಕೆ ಠಾಣೆಯಲ್ಲಿ ವಿಚಾರಣೆ ಶುರುವಾಯಿತು.

“ಎಷ್ಟಿವೆ?”

“ನಾಲ್ಕು.”

“ಕೊಟ್ಟದ್ದು?”

“ಐದು. ಅಷ್ಟು ಎಣಿಸೋಕೆ ನಂಗೂ ಬರತ್ತೆ.”

“ಐದನೇದು ಎಲ್ಲಿ?”

“ವೆಂಡೆಲ್ ಹತ್ರ.”

“ವೆಂಡೆಲ್ ಸತ್ತಿದಾನೆ.”

“ಅಯ್ಯೋ ಹೌದಾ? ನಂಗೆ ಯಾರೂ ಹೇಳ್ಲೇ ಇಲ್ವಲ್ಲ ಸಾಹೇಬ್ರೇ.”

“ಮರ್ಲ್, ನೆಟ್ಟಗೆ ಉತ್ತರ ಕೊಡು.”

“ಶವಪೆಟ್ಟಿಗೆ ಮುಚ್ಚೋಕೆ ಮುಂಚೆ ಅವನ ಕೋಟಿನ ಜೇಬಿಗೆ ಹಾಕ್ದೆ. ಅಲ್ಲಿ ಹೋಗಿ ಬರಿಗೈಲಿ ನಿಂತ್ಕೋಬಾರ್ದು ಅಂತ.”

“ಯಾರು ನೋಡಿದ್ರು?”

“ತೋರಿಸ್ಕೊಂಡ್ ಮಾಡೋಕೆ ಅದೇನ್ ಮೆರವಣಿಗೇನಾ?”

“ಜುಲೈನಲ್ಲಿ ಹೋಟೆಲಿನಲ್ಲಿ ಕೋರ್ವಿನ್‌ಗೆ ಏನಂದೆ?”

ಮರ್ಲ್ ಟೊಪ್ಪಿ ತೆಗೆದು ಮೊಣಕಾಲ ಮೇಲಿಟ್ಟ. “ನಿನ್ನ ಹುಳ ಇನ್ನೊಂದ್ ಸಲ ನನ್ನ ಕುದುರೆ ಕಚ್ಚಿದ್ರೆ, ಜೇನಿನ ಜೊತೆ ಸೀಸಾನೂ ನೆಕ್ಕಿಸ್ತೀನಿ ಅಂದೆ.”

“ಅಂದಿದ್ದು ನಿಜ?”

“ಹದಿನಾಲ್ಕು ಜನರ ಮುಂದೆ ಅಂದಿದ್ದು. ಇಲ್ಲ ಅನ್ನಕ್ಕಾಗತ್ತಾ?”

“ಗುರುವಾರ ನಾಲ್ಕರಿಂದ ಐದು ಎಲ್ಲಿದ್ದೆ?”

“ಲಾಯದಲ್ಲಿ. ಕುದುರೆನ ಕೇಳಿ.”

ಸಂಜೆ 4 ಗಂಟೆಗೆ ಮರ್ಲ್‌ನನ್ನು ಲಾಕಪ್ಪಿಗೆ ಹಾಕಿದರು. ದ್ವೇಷ ಇತ್ತು, ಬೆದರಿಕೆ ಇತ್ತು, ಗುಂಡು ಒಂದು ಕಡಿಮೆ ಇತ್ತು. ಕೌಂಟಿ ವಕೀಲನಿಗೆ ಅಷ್ಟು ಸಾಕಿತ್ತು. ಅಕ್ಟೋಬರ್ 3ಕ್ಕೆ ಕೊಲೆ ಆರೋಪ ಹೊರಿಸುವುದಾಗಿ ಹೇಳಿದ. ರಾಜ್ಯದ ಲ್ಯಾಬಿನವರು ಲೇಪದ ಮೇಲಿನ ಗೀರುಗಳಿಂದ ರೈಫಲ್ ಗುರುತಿಸಲು ಆರು ವಾರ ಬೇಕು ಎಂದರು. ಒಂದೇ ಮಾದರಿಯ ರೈಫಲ್‌ಗಳು ಆ ಕ್ಲಬ್ಬಿನಲ್ಲೇ ಏಳಿದ್ದವು. ಸದ್ಯಕ್ಕೆ ಅವರು ಹೇಳಿದ್ದು ಒಂದೇ ಮಾತು, ಗುಂಡಿನ ಸೀಸ ಅಸಾಧ್ಯ ಗಟ್ಟಿ.

ಹೌಗನ್‌ಗೆ ಮಾತ್ರ ಸಮಾಧಾನವಿರಲಿಲ್ಲ. ಮರ್ಲ್ ಬಾಯಿಬಡುಕ. ಆದರೆ ಬೆನ್ನಿಗೆ ಹೊಡೆಯುವವನಲ್ಲ. ಅದನ್ನು ಯಾವ ಕಾಲಂನಲ್ಲಿ ಬರೆಯುವುದು? ಸೆಪ್ಟೆಂಬರ್ 30ರಂದು ಲ್ಯಾಬಿನ ಮಾತು ಹಿಡಿದುಕೊಂಡು ಅವನು ಗಸ್‌ನ ಶೆಡ್ಡಿಗೆ ಹೋದ.

“ಗಟ್ಟಿ ಇರ್ಲೇಬೇಕಲ್ಲ,” ಎಂದ ಗಸ್. “ನಾವೆಲ್ಲ ಕಾರಿನ ಚಕ್ರದ ತೂಕ ಸರಿ ಮಾಡೋಕೆ ಅಂಟಿಸೋ ಸೀಸ ಕಾಯಿಸೋರು. ಅದು ಮೆತ್ತಗೆ. ವೆಂಡೆಲ್ ಪತ್ರಿಕೆ ಆಫೀಸಲ್ಲಿ ಅಕ್ಷರ ಎರಕ ಹೊಯ್ತಿದ್ದನಲ್ಲ, ಆ ಮಿಷನ್ ನಿಂತಾಗ ಒಂದು ಪೀಪಾಯಿ ಅಚ್ಚಿನ ಸೀಸ ಮನೆಗೆ ತಂದಿದ್ದ. ಮೂವತ್ತೈದು ವರ್ಷ ಅದನ್ನೇ ಹೊಡೆದ. ನಮ್ಮೂರಿನ ಮದುವೆ, ಸಾವು, ಹರಾಜು, ಎಲ್ಲ ಅಚ್ಚಾದ ಸೀಸ ಕಣಯ್ಯಾ ಅದು. ಈ ಅರವತ್ತಕ್ಕೆ ಕೊನೇ ಗಟ್ಟೀನೂ ಮುಗೀತು.”

“ಒಂದು ಗುಂಡು ಹೊಡೆದವನು ಇನ್ನೊಂದು ಮಾಡಿ ಐದು ಭರ್ತಿ ಮಾಡಬಹುದಾ?”

ಗಸ್ ಯೋಚಿಸಿದ. “ಅಚ್ಚು ಎಲ್ಲರ ಹತ್ರ ಇದೆ. ಹಳದಿ ಪುಡಿ ಕೇಳಿದ್ರೆ ಅರ್ಡಿಸ್ ಯಾರಿಗಾದ್ರೂ ಕೊಡ್ತಾಳೆ, ಪಕ್ಕದ ಮನೆಗೆ ಸಕ್ಕರೆ ಕೊಟ್ಟಂಗೆ. ಮೇಲ್ನೋಟಕ್ಕೆ ನಂಗೂ ಗೊತ್ತಾಗಲ್ಲ. ಆದ್ರೆ ಆ ಸೀಸ ಎಲ್ಲಿಂದ ತರ್ತಾನೆ?”

ಒಳಗೆ ಹೋಗಿ ಒಂದು ಪೆನ್ಸಿಲ್ ತಂದ. ಚಿತ್ರ ಬರೆಯುವ ಮಕ್ಕಳ ಕೈಯಲ್ಲಿ ಇರುವಂಥದ್ದೇ. ಎರಕದವರು ಸೀಸದ ಗಡಸುತನ ನೋಡುವುದು ಅದರಿಂದಲೇ. ಗುಂಡಿನ ತಳದಲ್ಲಿ ಚಾಕುವಿನಿಂದ ಲೇಪ ಸ್ವಲ್ಪ ಕೆರೆದು, ಪೆನ್ಸಿಲ್ ಒತ್ತಿ ತಳ್ಳಬೇಕು. ಸೀಸ ಗಟ್ಟಿಯಿದ್ದರೆ ಪೆನ್ಸಿಲ್ ಜಾರುತ್ತದೆ. ಮೆತ್ತಗಿದ್ದರೆ ಒಳಗಿಳಿದು ಗೀರು ಕೊರೆಯುತ್ತದೆ. ಗಸ್ ತನ್ನ ಐದು ಹಳದಿ ಗುಂಡುಗಳ ಮೇಲೆ ಗೀರಿ ತೋರಿಸಿದ. ಐದೂ ಜಾರಿದವು.

ಉಳಿದ ಒಂಬತ್ತು ಸದಸ್ಯರ ಮನೆಗಳಿಗೆ ಹೌಗನ್ ಮತ್ತೆ ಹೋದ. ಒಬ್ಬ ನಾಯಿ ಬಿಟ್ಟ. ಇನ್ನೊಬ್ಬ, “ಶೆರಿಫ್ ಆಫೀಸಿನವ್ರಿಗೆ ಈಗ ಚಿತ್ರಕಲೆ ಕ್ಲಾಸು ಶುರುವಾಗಿದ್ಯಾ?” ಎಂದ. ಗಸ್‌ನ ಐದೂ ಸೇರಿ ಐವತ್ತು ಗುಂಡು, ಐವತ್ತರ ಮೇಲೂ ಪೆನ್ಸಿಲ್ ಜಾರಿತು. ಜಪ್ತಿ ಮಾಡಿದ್ದ ಮರ್ಲ್‌ನ ನಾಲ್ಕರ ಮೇಲೂ ಜಾರಿತು. ಮರ್ಲ್‌ನನ್ನು ಬಿಡಿಸಲು ಹಿಡಿದ ಪೆನ್ಸಿಲ್ ಅವನ ಕುಣಿಕೆಯನ್ನೇ ಇನ್ನಷ್ಟು ಬಿಗಿ ಮಾಡಿತ್ತು.

ನೆಡೀನ್ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಠಾಣೆಗೆ ಬಂದು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದಳು. ಅಕ್ಟೋಬರ್ 2ರಂದೂ ಬಂದಳು.

“ಮರ್ಲ್ ತಾನೇ?”

“ಇನ್ನೂ ಗಟ್ಟಿಯಾಗಿಲ್ಲಮ್ಮ.”

“ಇಂಥವ್ರು ಅಂತ ಹೇಳ್ಬಿಡಿ, ಓರಿನ್. ರಾತ್ರಿಯೆಲ್ಲ ಬೈತಿರ್ತೀನಿ, ಯಾರ್ನ ಅಂತ ಗೊತ್ತಿಲ್ಲ. ನಂಗೆ ಒಂದು ಮುಖ ಬೇಕು.”

ಉಳಿದದ್ದು ಒಂದೇ ದಾರಿ. ಸಮಾಧಿ ತೆಗೆದು ವೆಂಡೆಲ್‌ನ ಕೋಟಿನ ಜೇಬು ನೋಡುವುದು. ಅದಕ್ಕೆ ಹೆಂಡತಿಯ ರುಜು ಬೇಕಿತ್ತು. ಮಧ್ಯಾಹ್ನ 3 ಗಂಟೆ 40ಕ್ಕೆ ಹೌಗನ್, ಟೀಲ್ ಇಬ್ಬರೂ ಆ ಫಾರಂ ಹಿಡಿದು ಅರ್ಡಿಸ್ ಮನೆಯ ಬಾಗಿಲು ತಟ್ಟಿದರು. ಒಳಗಿಂದ ಸೇಬು ಬೇಯುವ ವಾಸನೆ ಬರುತ್ತಿತ್ತು.

ಆಕೆ ಕನ್ನಡಕ ಹಾಕಿಕೊಂಡು ಫಾರಂ ಪೂರ್ತಿ ಓದಿದಳು.

“ಅವನನ್ನ ಎಬ್ಬಿಸ್ತೀರಾ?”

“ಜೇಬು ನೋಡ್ಬೇಕು ಅರ್ಡಿಸಮ್ಮ. ನಾಳೆ ಮರ್ಲ್ ಮೇಲೆ ಕೊಲೆ ಕೇಸ್ ಹಾಕ್ತಾರೆ. ಗುಂಡು ಅಲ್ಲಿದ್ರೆ ಅವನು ಉಳ್ಕೋತಾನೆ.”

“ಅಗೀಬೇಡಿ. ಇದೆ.”

“ಏನು?”

“ಗುಂಡು. ಮರ್ಲ್ ಹಾಕಿದ್ದು ನಿಜ. ಹಾಕಿ, ಜೇಬಿನ ಮೇಲೆ ಮೆತ್ತಗೆ ಎರಡು ಸಲ ತಟ್ಟಿದ. ನಾನು ಕಂಬದ ಹತ್ರ ನಿಂತು ನೋಡ್ದೆ.”

“ಐದು ದಿನದಿಂದ ಅವನು ಒಳಗಿದಾನೆ. ಊರಿಗೆಲ್ಲ ಗೊತ್ತು. ನೀವು ಯಾಕೆ ಹೇಳ್ಲಿಲ್ಲ?”

ಅರ್ಡಿಸ್ ಫಾರಮ್ಮನ್ನು ಮಡಿಸಿ, ಮತ್ತೆ ಬಿಡಿಸಿ, ಮೇಜಿನ ಮೇಲೆ ಸವರುತ್ತ ಕೂತಳು.

ಹೌಗನ್ ಮನಸ್ಸಿನಲ್ಲೇ ಕೂಡಿಸಿದ. ಕಣ್ಣಾರೆ ಎಣಿಸಿದ್ದು ಐವತ್ತೊಂಬತ್ತು. ಶವದ ಜೇಬಿನಲ್ಲಿ ಒಂದು. ಅಲ್ಲಿಗೆ ಅರವತ್ತು. ಹಾಗಾದರೆ ಜೇನುಗೂಡಿನಲ್ಲಿ ಸಿಕ್ಕಿದ್ದು ಎಲ್ಲಿಂದ ಬಂತು? ಎಣಿಸಿದ್ದರಲ್ಲಿ ಒಂದು ವೆಂಡೆಲ್‌ದಲ್ಲ. ಐವತ್ನಾಲ್ಕನ್ನು ಗೀರಿ ನೋಡಿಯಾಗಿತ್ತು. ಗೀರದೆ ಉಳಿದದ್ದು ಐದು. ಕಿಟಕಿಯ ಕಡೆ ನೋಡಬಾರದು ಅನ್ನಿಸಿತು. ನೋಡಿದ.

“ಆ ಸೀಸೆ ಸ್ವಲ್ಪ ಇಳಿಸ್ಲಾ?”

“ಅವತ್ತೇ ಎಣಿಸಿದ್ಯಲ್ಲ.”

“ಎಣಿಸಿದ್ದೆ. ಗೀರಿ ನೋಡಿರ್ಲಿಲ್ಲ.”

“ಅದೇನು ಗೀರೋದು? ಪೆನ್ಸಿಲ್ ಯಾಕೆ?”

ಆಕೆ ನಿಜವಾಗಿಯೂ ಕೇಳಿದ್ದಳು. ಹೌಗನ್ ಗುಂಡುಗಳನ್ನು ಮೇಜಿನ ಬಟ್ಟೆಯ ಮೇಲೆ ಸಾಲಾಗಿ ಇಟ್ಟ. ಒಂದೊಂದರ ತಳ ಕೆರೆದು ಪೆನ್ಸಿಲ್ ತಳ್ಳಿದ. ಮೊದಲನೆಯದು ಜಾರಿತು. ಎರಡನೆಯದು, ಮೂರನೆಯದು ಜಾರಿದವು. ನಾಲ್ಕನೆಯದರಲ್ಲಿ ಪೆನ್ಸಿಲಿನ ಮೊನೆ ಬೆಣ್ಣೆಗೆ ಇಳಿದ ಹಾಗೆ ಇಳಿದು, ಮುಂದೆ ಸೀಸದ ಸಣ್ಣ ಸುರುಳಿ ಎದ್ದಿತು.

“ವೆಂಡೆಲ್‌ದು ಅಚ್ಚಿನ ಸೀಸ, ಅರ್ಡಿಸಮ್ಮ. ಗಟ್ಟಿ. ಇದು ಮೆತ್ತಗಿದೆ.”

ಆಕೆ ಗುಂಡನ್ನು ಎತ್ತಿ ಬೆಳಕಿಗೆ ಹಿಡಿದಳು. “ಬಣ್ಣ ಸರಿ ಬಂದಿದೆಯಲ್ಲ.”

“ಬಣ್ಣ ಸರಿಯಾಗಿದೆ. ಯಾರಿಂದಲೂ ಕಂಡುಹಿಡಿಯೋಕಾಗಲ್ಲ.”

“ಸೀಸದಲ್ಲೂ ಎರಡು ತರ ಇರತ್ತಾ?” ಎಂದಳು ಅರ್ಡಿಸ್. “ಅವನು ಯಾವತ್ತೂ ಹೇಳ್ಲೇ ಇಲ್ಲ.”

ನಲವತ್ಮೂರು ವರ್ಷದ ಸಂಸಾರದಲ್ಲಿ ಗುಂಡಿಗೆ ಲೇಪ ಹಾಕುವ ಕೆಲಸ ಪೂರ್ತಿ ಅವಳದು. ಹಳದಿಗೆ ಚಿಟಿಕೆ ಕಂದು ಬೆರೆಸಿ ಆ ಸಾಸಿವೆ ಬಣ್ಣ ತಂದವಳು ಅವಳೇ. ವೆಂಡೆಲ್ ಹುಯ್ಯುತ್ತಿದ್ದ, ಅವಳು ಕುಲುಕಿ ಬೇಯಿಸುತ್ತಿದ್ದಳು. ಅವನ ಭುಜ ಹೋದ ಮೇಲೆ ತೋಟಾಕ್ಕೆ ಗುಂಡು ಕೂರಿಸುವ ಯಂತ್ರದ ಹಿಡಿಯನ್ನೂ ಅವಳೇ ಎಳೆದಳು. ಮದ್ದನ್ನು ಅವನು ಅಳೆದು ಸಣ್ಣ ಶೀಶೆಗಳಲ್ಲಿ ಇಡುತ್ತಿದ್ದ. ಲೇಪದೊಳಗಿನ ಲೋಹದ ಬಗ್ಗೆ ಅವಳನ್ನು ಯಾರೂ ಕೇಳಿರಲಿಲ್ಲ, ಅವಳಿಗೆ ಯಾರೂ ಹೇಳಿರಲೂ ಇಲ್ಲ.

ಹೌಗನ್ ಕಾನೂನಿನ ಮಾತುಗಳನ್ನು ಮೊದಲು ಓದಿದ. ಸುಮ್ಮನಿರುವ ಹಕ್ಕು ನಿಮಗಿದೆ, ವಕೀಲರನ್ನು ಕೇಳುವ ಹಕ್ಕಿದೆ. ಪ್ರತಿಯೊಂದಕ್ಕೂ ಅವಳು, “ಗೊತ್ತಾಯ್ತು ಕಣಪ್ಪಾ,” ಎಂದಳು. ಆಮೇಲೆ ಅವನು ಕೇಳಿದ.

“ಗುರುವಾರ ಕ್ಲಬ್ಬಿಗೆ ಹೋಗಿದ್ರಾ?”

“ಹೋಗಿದ್ದೆ. ನಾಲ್ಕೂವರೆ ಆಗಿತ್ತು.”

“ಯಾಕೆ?”

“ಪ್ರತೀ ಶನಿವಾರ ಕರೀತಿದ್ದ. ‘ಬಾರೇ, ಒಂದೇ ಒಂದ್ ಗುಂಡು ಹೊಡಿ, ನೀನೇ ಬಣ್ಣ ಹಾಕಿದ್ದು ಹೇಗೆ ಹೋಗತ್ತೆ ನೋಡು’ ಅಂತ. ನಂಗೆ ಸದ್ದು ಆಗಲ್ಲ. ಮುಂದಿನ ವಾರ ಬರ್ತೀನಿ ಅಂತಿದ್ದೆ. ನಲವತ್ಮೂರು ವರ್ಷ ಹಂಗೇ ಅಂದೆ. ಅಕ್ಟೋಬರ್ ಹನ್ನೊಂದಕ್ಕೆ ಎಲ್ಲರ ಮುಂದೆ ಮೊದಲ ಸಲ ಹೊಡೆದು ನಗೆಪಾಟಲಾಗೋದು ಬೇಡ, ಒಬ್ಳೇ ಹೋಗಿ ಒಂದು ಹೊಡೆಯೋಣ ಅಂದ್ಕೊಂಡೆ. ಅವನ ಜೊತೆ ಹೋದಂಗೆ ಆಗತ್ತೆ ಅಂತ.”

“ರೈಫಲ್ ಅವನದೇನಾ?”

“ಹ್ಞೂಂ. ಅದಕ್ಕೆ ಎರಡು ಟ್ರಿಗರ್ ಇರತ್ತಲ್ಲ, ಹಿಂದಿನದು ಎಳೆದ್ರೆ ಮುಂದಿನದು ಮುಟ್ಟಿದ್ರೆ ಸಾಕು. ಅದು ನೋಡಿದ್ದೆ. ಹಿಂದಿನದು ಎಳೆದು, ನಳಿಗೆ ಮೇಲಿಂದ ಇಳಿಸ್ತಾ ಇದ್ದೆ. ಇನ್ನೂ ಇಳಿದಿರ್ಲಿಲ್ಲ. ಬೆರಳು ತಾಗ್ತು.”

“ದಿಬ್ಬಕ್ಕೆ ಬಡಿದ ಸದ್ದು ಕೇಳಿಸ್ತಾ?”

“ಇಲ್ಲ. ಕಿವಿಗೆ ಅವನ ಮುಚ್ಚಳ ಹಾಕಿದ್ದೆ. ಅದಕ್ಕೇ ಕೇಳಿಸ್ಲಿಲ್ಲ ಅಂದ್ಕೊಂಡೆ. ಅಂತೂ ಒಂದು ಹೊಡೆದೆ ಅಂತ ಖುಷೀನೂ ಆಯ್ತು, ಓರಿನ್. ದಾರಿಯೆಲ್ಲ ಅವನ ಜೊತೆ ಮಾತಾಡ್ಕೊಂಡ್ ಬಂದೆ.”

“ಯಾವಾಗ ಗೊತ್ತಾಯ್ತು?”

“ಏಳು ಗಂಟೆಗೆ. ಚರ್ಚಿನವ್ರು ಫೋನ್ ಮಾಡಿದ್ರು. ಪ್ರೂಟ್ ಮನೆಗೆ ಊಟ ಕಳಿಸ್ಬೇಕು, ನೀವೇನು ಮಾಡ್ತೀರಾ ಅಂತ. ಏನಾಯ್ತು ಅಂತ ಕೇಳ್ದೆ. ಹೇಳಿದ್ರು. ಪೈ ಮಾಡ್ತೀನಿ ಅಂದೆ.”

ಟೀಲ್ ಬರೆಯುವುದನ್ನು ನಿಲ್ಲಿಸಿ ಮೂಗು ಒರೆಸಿಕೊಂಡಳು.

“ಆಗ್ಲೇ ಯಾಕೆ ಬರ್ಲಿಲ್ಲ ಅರ್ಡಿಸಮ್ಮ? ಕೈತಪ್ಪಿ ಆಯ್ತು ಅಂದಿದ್ರೆ...”

“ಅವನ ಬಣ್ಣ ಅಳಿಸ್ತಾರೆ.” ಮೊದಲ ಸಲ ಆಕೆಯ ದನಿ ಒಡೆಯಿತು. “ನನ್ನ ಎಲ್ಲಿಗೆ ಬೇಕಾದ್ರೂ ಕರ್ಕೊಂಡ್ ಹೋಗು. ಅವನೇನು ಮಾಡಿದ್ದ? ನಲವತ್ತು ವರ್ಷದಲ್ಲಿ ಒಂದು ಗುಂಡು ದಿಬ್ಬ ದಾಟಿಸಿದವನಲ್ಲ. ಮಾರನೇ ದಿನ ಬೆಳಿಗ್ಗೆ ಐದಕ್ಕೇ ಎದ್ದು ಶೆಡ್ಡಲ್ಲಿ ಬಿದ್ದಿದ್ದ ಯಾವ್ದೋ ಸೀಸದ ತುಂಡು ಕಾಯಿಸ್ದೆ. ಹದಿನಾಲ್ಕು ಸಲ ಹುಯ್ದೆ. ಎಲ್ಲಾ ಸುಕ್ಕು ಸುಕ್ಕು. ಹದಿನೈದನೇದು ಸರಿ ಬಂತು. ನೀನು ಬರೋಷ್ಟರಲ್ಲಿ ಬಣ್ಣ ಆರಿತ್ತು.”

“ಮರ್ಲ್?”

“ಇವತ್ತು ಹೇಳೋಣ, ನಾಳೆ ಹೇಳೋಣ ಅಂದ್ಕೊಂಡೆ. ಬೇರೆ ಯಾರಾದ್ರೂ ನೋಡಿರ್ತಾರೆ ಅಂದ್ಕೊಂಡೆ. ಮುಂದಕ್ಕೆ ಹಾಕೋದು ನಂಗೆ ರೂಢಿ ಆಗ್ಬಿಟ್ಟಿದೆ. ಅದು ದೊಡ್ಡ ಪಾಪ ಅಂತ ಗೊತ್ತು.”

ಸಂಜೆ 4 ಗಂಟೆ 25ಕ್ಕೆ ಅರ್ಡಿಸ್ ಅಮುಂಡ್ಸನ್‌ಳನ್ನು ಬಂಧಿಸಲಾಯಿತು. ಅಜಾಗರೂಕತೆಯಿಂದ ಸಾವಿಗೆ ಕಾರಣ, ಸಾಕ್ಷ್ಯ ತಿರುಚಿದ್ದು, ಎರಡು ಕಲಮು. ಆಕೆ ಎರಡೂ ಕೈ ಮುಂದೆ ಚಾಚಿದಳು. “ಹಾಕ್ಬೇಕಲ್ವಾ?” ಟೀಲ್ ತನ್ನ ಸೊಂಟದ ಕೈಕೋಳ ಮುಟ್ಟಿ, ಹೌಗನ್ ಮುಖ ನೋಡಿ, ಕೈ ಬಿಟ್ಟಳು. ವರದಿಯಲ್ಲಿ “ಕೈಕೋಳ ಹಾಕದಿರಲು ಕಾರಣ” ಎಂಬ ಜಾಗ ಇವತ್ತಿಗೂ ಖಾಲಿ ಇದೆ. ಓವನ್‌ನಲ್ಲಿ ಪೈ ಇದೆ, ಇನ್ನು ಹತ್ತು ನಿಮಿಷ ಬೇಕು ಎಂದಳು ಅರ್ಡಿಸ್. ಮೂವರೂ ಹತ್ತು ನಿಮಿಷ ಅಡುಗೆಮನೆಯಲ್ಲಿ ಕೂತು ಕಾದರು.

6 ಗಂಟೆ 5ಕ್ಕೆ ಮರ್ಲ್‌ನ ಬೀಗ ತೆಗೆದರು.

“ಐದು ದಿನ ನಿಮ್ಮ ಬೀನ್ಸ್ ತಿಂದಿದೀನಿ ಸಾಹೇಬ್ರೇ. ಅದೊಂದಕ್ಕೇ ನಿಮ್ಮ ಮೇಲೆ ಕೇಸ್ ಹಾಕಬಹುದು. ಯಾರವನು?”

ಹೌಗನ್ ಹೇಳಿದ. ಮರ್ಲ್ ಟೊಪ್ಪಿಯನ್ನು ಕೈಯಲ್ಲಿ ತಿರುಗಿಸಿದ.

“ವಾಪಸ್ ನನ್ನೇ ಒಳಗೆ ಹಾಕೋಕಾಗಲ್ವಾ?”

“ಆಗಲ್ಲ ಮರ್ಲ್.”

“ನಂಗೆ ಹೆಂಡ್ತಿ ಇಲ್ಲ, ಮಕ್ಕಳಿಲ್ಲ. ಬೈಗುಳ ತಿಂದು ರೂಢಿ ಇದೆ.”

“ಮನೆಗೆ ಹೋಗು.”

ನೆಡೀನ್‌ಗೆ ಹೌಗನ್ ತಾನೇ ಹೋಗಿ ಹೇಳಿದ. ಅವಳು ಅಂಗಳದ ಮೆಟ್ಟಿಲ ಮೇಲೆ ಕೂತು ಪೂರ್ತಿ ಕೇಳಿಸಿಕೊಂಡಳು.

“ಹೆಸರು ಹೇಳದೆ ಪೈ ಕಳಿಸಿದ್ದು ಅವ್ರೇನಾ?”

“ಹೌದು.”

“ಆ ವಾರ ನನ್ನ ಗಂಟಲಲ್ಲಿ ಇಳಿದದ್ದು ಅದೊಂದೇ.” ಅವಳು ಜೇನುಪೆಟ್ಟಿಗೆಗಳ ಕಡೆ ನೋಡಿದಳು. ಕೋರ್ವಿನ್ ಅರ್ಧ ಕಟ್ಟಿದ್ದ ಪಟ್ಟಿಗಳು ಹಾಗೇ ನೇತಾಡುತ್ತಿದ್ದವು. “ಇವ್ರನ್ನ ಹೇಗೆ ಬೈಲಿ, ಓರಿನ್?”

ಹೌಗನ್ ಪೆಟ್ಟಿಗೆಗಳ ಕಡೆ ನಡೆದ. ಆ ಪಟ್ಟಿಗಳನ್ನಾದರೂ ಕಟ್ಟೋಣವೆಂದರೆ ಹುಳಗಳು ಹತ್ತಿರ ಬಿಡಲಿಲ್ಲ.

ಅಕ್ಟೋಬರ್ 4ರಂದು ಗಸ್ ನಿಯಮದಂತೆ ಹಲಗೆಯ ಮೇಲಿನ ಹಳದಿ ಪಟ್ಟಿಯನ್ನು ಟರ್ಪೆಂಟೈನಿನಿಂದ ಅಳಿಸಿದ. ಬಣ್ಣ ಮರಕ್ಕೆ ಇಳಿದುಹೋಗಿತ್ತು. ಎರಡು ಸಲ ಉಜ್ಜಬೇಕಾಯಿತು. ಸದಸ್ಯರು ಯಾರೂ ತಡೆಯಲಿಲ್ಲ.

ಅಕ್ಟೋಬರ್ 11, ಶನಿವಾರ. ವೆಂಡೆಲ್ ಹುಟ್ಟಿದ ದಿನ. ಕ್ಲಬ್ಬಿನ ಕಡೆಯಿಂದ ಒಂದು ಗುಂಡಿನ ಸದ್ದೂ ಬರಲಿಲ್ಲ. ಬೆಳಿಗ್ಗೆ ಹತ್ತು ಗಂಟೆಗೆ ಹೌಗನ್ ಠಾಣೆಯಲ್ಲಿ ಕೂತು, ಆರೋಪಿಯ ಮನೆಯಲ್ಲಿ ಜಪ್ತಿ ಮಾಡಿದ ವಸ್ತುಗಳ ಪಟ್ಟಿಯನ್ನು ನ್ಯಾಯಾಲಯಕ್ಕಾಗಿ ನಕಲು ಮಾಡಿದ. ರೈಫಲ್ ಒಂದು. ಖಾಲಿ ತೋಟಾ ಒಂದು. ಹಳದಿ ಪುಡಿಯ ಡಬ್ಬಿ ಒಂದು. ಸುಕ್ಕುಗಟ್ಟಿದ ಗುಂಡುಗಳು ಹದಿನಾಲ್ಕು.

ಐದನೆಯದು ಅಡುಗೆ ಪುಸ್ತಕದೊಳಗೆ ನಾಲ್ಕು ಮಡಿಕೆಯಾಗಿ ಸಿಕ್ಕಿದ್ದ ಕಾಗದ, ಗುರಿ ಹೊಡೆಯಲು ಕಟ್ಟುವ ವೃತ್ತಗಳ ಹಾಳೆ. ಕ್ಲಬ್ಬಿಗೆ ಹೊಸದಾಗಿ ಬಂದವರು ತಮ್ಮ ಮೊದಲ ಹಾಳೆಯ ಮೇಲೆ ಹೆಸರು ಬರೆದು ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ. ಹೌಗನ್ ಕಂಡದ್ದನ್ನು ಕಂಡ ಹಾಗೆ ಬರೆದ: “ಗುರಿಹಾಳೆ ಒಂದು. ಮೇಲ್ಭಾಗದಲ್ಲಿ ಪೆನ್ಸಿಲ್ ಬರಹ: ಅರ್ಡಿಸ್, ಸೆಪ್ಟೆಂಬರ್ 25, ಮೊದಲ ಸಲ, ವೆಂಡೆಲ್ ಜೊತೆ. ಹಾಳೆಯಲ್ಲಿ ತೂತು ಇಲ್ಲ.”